ದೊಡ್ಡಮಾವನ ಕೆಮ್ಮು

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಧಾರಾವಾಹಿ ನೋಡುತ್ತೇನೆ. ಪಕ್ಕದಲ್ಲಿ ಪೇಪರ್ ಹರವಿಕೊಂಡು ಓರೆಗಣ್ಣಿನಲ್ಲಿ ನೋಡುವುದಲ್ಲ. ಕಾಲು ಚಾಚಿ, ದಿಂಬಿಗೆ ಒರಗಿ, ಟಿವಿಯ ಎದುರಿಗೇ ಕೂತು ನೋಡುತ್ತೇನೆ. ಗಂಡಸರು ಇದನ್ನು ಒಪ್ಪಿಕೊಳ್ಳುವುದು ಕಡಿಮೆ. "ನಾನೆಲ್ಲಿ ನೋಡ್ತೀನಿ? ಮನೇಲಿ ಹಾಕಿರ್ತಾರೆ, ಊಟ ಮಾಡ್ತಾ ಕಣ್ಣಿಗೆ ಬೀಳುತ್ತೆ ಅಷ್ಟೆ" ಎಂದ ಸ್ನೇಹಿತರೊಬ್ಬರು ಅದೇ ಉಸಿರಿನಲ್ಲಿ ನಾಯಕಿಯ ಎರಡನೆಯ ನಾದಿನಿಯ ನಿಶ್ಚಿತಾರ್ಥ ಯಾಕೆ ಮುರಿದುಬಿತ್ತು ಎಂಬುದನ್ನು ನನಗೆ ಕಾಲು ಗಂಟೆ ವಿವರಿಸಿದ್ದುಂಟು. ಅಷ್ಟು ವಿವರ ಬರೀ ಕಣ್ಣಿಗೆ ಬಿದ್ದದ್ದರಿಂದ ಬರುವಂಥದ್ದಲ್ಲ. ನಾನೂ ಬಹಳ ವರ್ಷ ಅದೇ ಪಂಗಡದಲ್ಲಿದ್ದವನು. ಅದರಿಂದ ಹೊರಬಿದ್ದದ್ದು ಹೇಗೆಂದು ಹೇಳುವುದಕ್ಕೇ ಈಗ ಕೂತಿದ್ದೇನೆ.

ನಮ್ಮ ಮನೆಯ ಪರಿಸ್ಥಿತಿ ಲೋಕಕ್ಕೆ ತಿರುಗುಮುರುಗು. ನನ್ನ ಹೆಂಡತಿ ಗಿರಿಜಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳಿಗೆ ಧಾರಾವಾಹಿ ಎಂದರೆ ಬಿಡಿಸಲು ಮನಸ್ಸಿಲ್ಲದೆ ಎಳೆದಾಡಿದ ಲೆಕ್ಕ. "ಎರಡು ಸಾಲಲ್ಲಿ ಮುಗಿಯೋದನ್ನ ಎರಡು ವರ್ಷ ಮಾಡ್ತಾರಲ್ರೀ, ಆ ಹುಡುಗಿ ಒಂದು ಸಲ ಬಾಯಿ ಬಿಟ್ಟು ನಿಜ ಹೇಳಿದ್ರೆ ಆಯ್ತಲ್ಲ" ಎನ್ನುತ್ತಾಳೆ. ಮಾತು ನಿಜವೇ. ಆದರೆ ಬಾಯಿ ಬಿಟ್ಟು ಹೇಳಿದರೆ ಮುಗಿಯುವ ಎಷ್ಟು ವಿಷಯಗಳನ್ನು ನಾವು ನಮ್ಮ ನಮ್ಮ ಮನೆಗಳಲ್ಲಿ ಎರಡು ವರ್ಷ ಎಳೆದಿಲ್ಲ? ಇದನ್ನು ನಾನು ಅವಳಿಗೆ ಬಾಯಿ ಬಿಟ್ಟು ಹೇಳಿಲ್ಲ.

ನನಗೆ ಈ ವಿಷಯದಲ್ಲಿ ಕೆಲವು ಗಟ್ಟಿಯಾದ ಅಭಿಪ್ರಾಯಗಳಿವೆ. ಒಂದು, ಕೆಟ್ಟವರ ಪಾತ್ರ ಮಾಡುವವರೇ ನಿಜವಾದ ಕಲಾವಿದರು. ನಾಯಕಿಗೆ ಅಳುವುದೊಂದೇ ಕೆಲಸ. ಖಳನಾಯಕಿಗೆ ಒಳಸಂಚು ಹೂಡಬೇಕು, ಹಾಲಿಗೆ ಏನಾದರೂ ಬೆರೆಸಬೇಕು, ಬೆರೆಸುವಾಗ ಕ್ಯಾಮೆರಾದ ಕಡೆ ತಿರುಗಿ ನಗಬೇಕು, ಇಷ್ಟರ ಮೇಲೆ ಹತ್ತು ಕೆಜಿ ಸೀರೆ ಒಡವೆ ಹೊರಬೇಕು. ಇನ್ನೊಂದು ಸಂಗೀತದ ವಿಷಯ. ಧಾರಾವಾಹಿಯ ಶೀರ್ಷಿಕೆ ಗೀತೆ ನನಗೆ ಮೊದಲ ದಿನ ಹಿಡಿಸುವುದಿಲ್ಲ, ಹತ್ತನೆಯ ದಿನ ಸಹ್ಯವಾಗುತ್ತದೆ, ತಿಂಗಳಾಗುವಷ್ಟರಲ್ಲಿ ಸ್ನಾನ ಮಾಡುವಾಗ ನಾನೇ ಹಾಡುತ್ತಿರುತ್ತೇನೆ. ಹಿನ್ನೆಲೆ ಸಂಗೀತದವರ ಮೇಲಂತೂ ನನಗೆ ಅಪಾರ ಗೌರವ. ಹಿಂದಿನವರು ರಸ ಒಂಬತ್ತು ಎಂದು ಎಣಿಸಿದರು. ನಮ್ಮವರು ಮೂರಕ್ಕೆ ಇಳಿಸಿದ್ದಾರೆ. ಅಳುವಿಗೆ ಶಿವರಂಜಿನಿ, ಮದುವೆಗೆ ಶಹನಾಯಿ, ಮಿಕ್ಕಿದ್ದಕ್ಕೆಲ್ಲ ಗುಡುಗು. ಒಬ್ಬ ಬಾಗಿಲು ತೆರೆದರೆ ಮೂರು ಗುಡುಗು, ನಿಂತವರ ಮುಖಗಳು ಮೂರು ಸಲ. ಶಿವರಂಜಿನಿ ರಾಗಕ್ಕೆ ವಾರಕ್ಕೊಂದು ದಿನ ರಜೆ ಕೊಡಬೇಕೆಂದು ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ. ಕೇಳುವವರಿಲ್ಲ.

ಇನ್ನು ಕತೆಗೆ ಬರುತ್ತೇನೆ. ತುಮಕೂರು ರಸ್ತೆಯ ಮೇಲ್ಸೇತುವೆ ಇನ್ನೂ ಕಟ್ಟುತ್ತಿದ್ದ ಕಾಲ. ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಉಗ್ರಾಣದ ಮೇಲ್ವಿಚಾರಕ. ನಾವು ಮನೆಗಳಿಗೆ ಬೇಕಾಗುವ ವಿದ್ಯುತ್ ಸ್ವಿಚ್ಚುಗಳನ್ನು ಮಾಡುತ್ತಿದ್ದೆವು. ಬಿಡಿಭಾಗಗಳನ್ನು ಜೋಡಿಸುವ ಕೆಲಸ ಪೂರ್ತಿ ಹೆಂಗಸರದು. ಆ ವರ್ಷ ಸಂಜೆ ಮಾಲು ತುಂಬಿಸಿ ಲಾರಿ ಕಳಿಸುವ ಜವಾಬ್ದಾರಿ ನನ್ನ ತಲೆಗೆ ಬಿತ್ತು. ಐದೂವರೆಗೆ ಮನೆಗೆ ಹೊರಡುತ್ತಿದ್ದವನು ಎಂಟರವರೆಗೆ ನಿಲ್ಲಬೇಕಾಯಿತು. ನನ್ನ ಧಾರಾವಾಹಿ ಇದ್ದದ್ದು ಏಳು ಗಂಟೆಗೆ.

ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ನೋಡಿರುತ್ತೀರಿ, ಆದರೆ ಇಲ್ಲ ಎನ್ನುತ್ತೀರಿ. ನಮ್ಮಿಬ್ಬರ ನಡುವೆ ಸುಳ್ಳು ಯಾಕೆ? ಮೃದುಲಾ ಎಂಬ ಸೊಸೆ, ಭ್ರಮರಾಂಬ ಎಂಬ ಅತ್ತೆ, ದೊಡ್ಡ ಬಂಗಲೆ. ಇಷ್ಟು ಹೇಳಿದರೆ ಉಳಿದದ್ದು ನೀವೇ ಬರೆದುಕೊಳ್ಳಬಹುದು. ನಾನು ನೋಡುವುದು ನಿಂತ ದಿನ ಮೃದುಲಾಳನ್ನು ಕಳ್ಳತನದ ಆಪಾದನೆಯ ಮೇಲೆ ಹಿತ್ತಲಿನ ಕೋಣೆಯಲ್ಲಿ ಕೂಡಿಹಾಕಿದ್ದರು. ಅವಳನ್ನು ಅಲ್ಲಿಯೇ ಬಿಟ್ಟು ಲಾರಿಗೆ ರಟ್ಟಿನ ಪೆಟ್ಟಿಗೆ ಎಣಿಸುತ್ತ ನಿಂತ ನನ್ನ ಸಂಕಟವನ್ನು ಯಾರ ಹತ್ತಿರ ಹೇಳಲಿ? ಮನೆಗೆ ಹೋಗಿ ಗಿರಿಜಾಳನ್ನು ಕೇಳಿದೆ, "ಏಳು ಗಂಟೆಗೆ ಟಿವಿ ಹಾಕಿದ್ಯಾ?" ಎಂದು. ಅವಳು ಉತ್ತರಪತ್ರಿಕೆಗಳಿಂದ ತಲೆ ಎತ್ತದೆ, "ನಿಮ್ಮ ಮೃದುಲಾ ಇನ್ನೂ ಅಲ್ಲೇ ಇರ್ತಾಳೆ, ಗಾಬರಿಯಾಗ್ಬೇಡಿ" ಎಂದಳು.

ಎರಡು ವಾರ ಕಳೆದಿರಬೇಕು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಉಗ್ರಾಣದ ಕಿಟಕಿಯ ಹೊರಗಿನಿಂದ ಒಂದು ಹೆಂಗಸಿನ ದನಿ ಕೇಳಿಸಿತು: "ಕೇಳ್ರೆವ್ವಾ, ನಿನ್ನಿ ಏನಾತಂದ್ರ, ಆ ಹಿತ್ತಲ ಕ್ವಾಣಿ ಕೀಲಿ ತಗದ್ರು." ನಾನು ಕೈಯಲ್ಲಿದ್ದ ಮೊಸರನ್ನದ ಡಬ್ಬಿ ಹಾಗೇ ಹಿಡಿದು ಕಿಟಕಿಯ ಪಕ್ಕಕ್ಕೆ ಸರಿದೆ.

ಕಿಟಕಿಯ ಕೆಳಗೆ ಹೊಂಗೆ ಮರದ ನೆರಳಲ್ಲಿ ಒಂದು ಕಟ್ಟೆ ಇತ್ತು. ಜೋಡಣೆ ವಿಭಾಗದ ಏಳೆಂಟು ಹೆಂಗಸರು ಅಲ್ಲಿ ಕೂತು ಉಣ್ಣುತ್ತಿದ್ದರು. ಮಾತಾಡುತ್ತಿದ್ದವಳು ಶಾಂತವ್ವ. ಬಾಗಲಕೋಟೆ ಕಡೆಯವಳು, ನಲವತ್ತರ ಆಸುಪಾಸು, ಗಂಡ ಗಾರೆ ಕೆಲಸಕ್ಕೆ ಹೋಗುತ್ತಾನೆ, ದಾಸರಹಳ್ಳಿಯ ಒಂದು ವಠಾರದಲ್ಲಿ ವಾಸ. ಕೆಲಸದಲ್ಲಿ ಮಾತಿಲ್ಲ ಕತೆಯಿಲ್ಲ; ಸ್ವಿಚ್ಚಿನೊಳಗಿನ ಪುಟ್ಟ ಸ್ಪ್ರಿಂಗನ್ನು ಕಣ್ಣು ಮುಚ್ಚಿಕೊಂಡು ಕೂರಿಸುತ್ತಿದ್ದಳು. ಅದೇ ಹೆಂಗಸು ಊಟದ ಅರ್ಧ ಗಂಟೆಯಲ್ಲಿ ಬೇರೆಯೇ ಆಗಿಬಿಡುತ್ತಿದ್ದಳು. ಹಿಂದಿನ ಸಂಜೆಯ ಕಂತನ್ನು ಮೊದಲಿಂದ ಕೊನೆಯವರೆಗೆ, ಸಂಗೀತ ಸಮೇತ ಹೇಳುತ್ತಿದ್ದಳು. ಸಂಗೀತ ಸಮೇತ ಎಂದದ್ದು ಮಾತಿಗಲ್ಲ. "ವೀಣಿ ಬಾರ್ಸಾಕ ಹತ್ತಿತಂದ್ರ ತಿಳ್ಕೋರಿ, ಆಕಿ ಬಂದ್ಳು" ಎಂದು ಬಾಯಲ್ಲೇ ವೀಣೆ ಮೀಟಿ, ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ಭ್ರಮರಾಂಬಳ ದನಿ ತೆಗೆಯುತ್ತಿದ್ದಳು. ಆ ಗಳಿಗೆಯಲ್ಲಿ ಯಾರ ರೊಟ್ಟಿಯೂ ಮುರಿಯುತ್ತಿರಲಿಲ್ಲ.

ಅಂದಿನಿಂದ ನಾನು ಕಿಟಕಿಯ ಪಕ್ಕದಲ್ಲೇ ಊಟ ಮಾಡತೊಡಗಿದೆ. ಯಾರಾದರೂ ನೋಡಿದರೆ ಎಂದು ಪೇಪರ್ ಹಿಡಿದುಕೊಂಡಿರುತ್ತಿದ್ದೆ. ಒಂದು ದಿನ ಕೈಯಲ್ಲಿದ್ದದ್ದು ಹಿಂದಿನ ವಾರದ್ದು ಎಂಬುದನ್ನು ನಮ್ಮ ಮ್ಯಾನೇಜರು ತೋರಿಸಿಕೊಟ್ಟರು.

ಶಾಂತವ್ವ ಹೇಳುವ ಧಾರಾವಾಹಿ ನಾನು ನೋಡಿದ್ದಕ್ಕಿಂತ ಚೆನ್ನಾಗಿತ್ತು. ಅವಳ ಭ್ರಮರಾಂಬ ಇಳಕಲ್ ಸೀರೆ ಉಡುತ್ತಿದ್ದಳು. ಆ ಬಂಗಲೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು, ಶೇಂಗಾ ಚಟ್ನಿ ಇರುತ್ತಿತ್ತು. ನನಗೆ ಅಲ್ಲಿಯೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ನನ್ನ ಮನಸ್ಸೆಲ್ಲ ದೊಡ್ಡಮಾವನ ಮೇಲಿತ್ತು.

ದೊಡ್ಡಮಾವ ನಾನು ನೋಡುವಾಗ ಇರಲಿಲ್ಲ. ಆಮೇಲೆ ಬಂದು ಸೇರಿದ ಪಾತ್ರವಿರಬೇಕು ಎಂದುಕೊಂಡೆ. ಮೃದುಲಾಳ ಮಾವನ ಅಣ್ಣ. ಆತ ಮಾತೇ ಆಡುವುದಿಲ್ಲ. ಮನೆಯಲ್ಲಿ ಏನಾದರೂ ಅನ್ಯಾಯ ನಡೆದಾಗ ಬಾಗಿಲಲ್ಲಿ ನಿಂತು ಕೆಮ್ಮುತ್ತಾನೆ. "ಆವಾಗ ದೊಡ್ಡಮಾವ ಏನ್ ಮಾಡಿದಾ? ಒಂದ ಮಾತ ಆಡ್ಲಿಲ್ಲ. ಕೆಮ್ಮಿದಾ. ಅಷ್ಟ. ಭ್ರಮರಾಂಬಾನ ಎತ್ತಿದ ಕೈ ಅಲ್ಲೇ ನಿಂತ್ ಬಿಡ್ತು!" ಕಟ್ಟೆಯ ಮೇಲೆ ಕೂತವರೆಲ್ಲ ಉಸಿರು ಬಿಡುತ್ತಿದ್ದರು. ಒಳಗೆ ನಾನೂ ಬಿಡುತ್ತಿದ್ದೆ. ಇಷ್ಟು ವರ್ಷ ಧಾರಾವಾಹಿ ನೋಡಿದ ಅನುಭವದಲ್ಲಿ ಹೇಳುತ್ತೇನೆ, ಅಂಥ ಪಾತ್ರ ಇನ್ನೊಂದಿರಲಿಲ್ಲ. ಎಲ್ಲರೂ ಪುಟಗಟ್ಟಲೆ ಮಾತಾಡುವ ಮನೆಯಲ್ಲಿ ಒಬ್ಬ ಮನುಷ್ಯ ಬರೀ ಕೆಮ್ಮಿ ಧರ್ಮದ ಪಕ್ಷ ವಹಿಸುತ್ತಾನೆ! ಬರೆದವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಒಂದು ದಿನ ಮಧ್ಯಾಹ್ನವೇ ಕಾರ್ಖಾನೆಯಿದ್ದ ಬೀದಿಗೆಲ್ಲ ಕರೆಂಟು ಹೋಗಿ, ಇನ್ನು ನಾಳೆಯೇ ಬರುವುದೆಂದು ಗೊತ್ತಾಗಿ, ಎಲ್ಲರನ್ನೂ ಮನೆಗೆ ಕಳಿಸಿದರು. ನಾನು ಓಡಿದೆ ಎಂದೇ ಹೇಳಬೇಕು. ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಟಿವಿಯ ಮುಂದೆ ಕೂತೆ. ಆ ದಿನದ ಕಂತಿನಲ್ಲಿ ಭ್ರಮರಾಂಬ ಸೊಸೆಯ ಕೈಯಿಂದ ಆರತಿ ತಟ್ಟೆ ಕಿತ್ತುಕೊಂಡಳು. ಶಿವರಂಜಿನಿ ಶುರುವಾಯಿತು. ಈಗ ಕೆಮ್ಮುತ್ತಾನೆ, ಈಗ ಕೆಮ್ಮುತ್ತಾನೆ ಎಂದು ಕಾದೆ. ಯಾರೂ ಕೆಮ್ಮಲಿಲ್ಲ. ಬಾಗಿಲಲ್ಲಿ ಒಂದು ನಕಲಿ ತಾಳೆ ಗಿಡದ ಕುಂಡ ಬಿಟ್ಟರೆ ಬೇರೇನೂ ಇರಲಿಲ್ಲ. ಊರಿಗೆ ಹೋಗಿರಬೇಕು ಎಂದುಕೊಂಡೆ.

ಮಾರನೆಯ ದಿನ ಕಟ್ಟೆಯ ಮೇಲೆ ಶಾಂತವ್ವ ಅದೇ ಕಂತನ್ನು ಹೇಳಿದಳು. ಆರತಿ ತಟ್ಟೆ ಬಂತು, ಕಿತ್ತುಕೊಂಡದ್ದೂ ಬಂತು. "ದೊಡ್ಡಮಾವ ಎರಡ್ ಸಲ ಕೆಮ್ಮಿದಾ ನೋಡ್ರೆವ್ವಾ. ಯಾವತ್ತೂ ಒಂದ ಸಲ ಕೆಮ್ಮಾಂವ, ನಿನ್ನಿ ಎರಡ್ ಸಲ." ನಾನು ಪೇಪರ್ ಇಳಿಸಿದೆ. ಹಾಗಾದರೆ ಇವಳು ಕಟ್ಟಿ ಹೇಳುತ್ತಿದ್ದಾಳೆ! ಮೊದಲು ಮೋಸಹೋದವನ ಸಿಟ್ಟು ಬಂತು. ಸಂಜೆಯವರೆಗೆ ಯೋಚಿಸಿದ ಮೇಲೆ ಸಿಟ್ಟು ಹೋಗಿ ಬೇರೊಂದು ಬಂತು. ಟಿವಿಯವರ ಕಂತು ನೋಡಿ ನನಗೆ ಏನೂ ಅನಿಸಿರಲಿಲ್ಲ. ಇವಳ ಕಂತು ಕೇಳುತ್ತ ಡಬ್ಬಿಯಲ್ಲಿದ್ದ ಊಟವನ್ನೇ ಮರೆತಿದ್ದೆ. ಯಾರದ್ದು ನಿಜವಾದ ಧಾರಾವಾಹಿ? ನಾನು ಬಾಯಿ ಮುಚ್ಚಿಕೊಂಡು ಮಾರನೆಯ ದಿನವೂ ಕಿಟಕಿಯ ಪಕ್ಕದಲ್ಲೇ ಕೂತೆ.

ಆದರೆ ಎಲ್ಲರೂ ಮುಚ್ಚಿಕೊಂಡಿರುವುದಿಲ್ಲ. ಪ್ಯಾಕಿಂಗಿಗೆ ರೂಪಾ ಎಂಬಾಕೆ ಹೊಸದಾಗಿ ಸೇರಿದಳು. ಕುಣಿಗಲ್ ಕಡೆಯವಳು, ಮದುವೆಯಾಗಿ ಎರಡು ವರ್ಷ, ಮನೆಯಲ್ಲಿ ಹೊಸ ಟಿವಿ. ಮೂರನೆಯ ದಿನ ಅವಳೂ ಕಟ್ಟೆಗೆ ಬಂದು ಕೂತಳು. ಶಾಂತವ್ವ ದೊಡ್ಡಮಾವನನ್ನು ಬಾಗಿಲಿಗೆ ತಂದು ನಿಲ್ಲಿಸುವಷ್ಟರಲ್ಲಿ ರೂಪಾ ನಕ್ಕುಬಿಟ್ಟಳು.

"ಅಕ್ಕ, ಯಾವ್ ದೊಡ್ಡಮಾವ? ನಾನ್ ದಿನಾ ನೋಡ್ತೀನಿ ಕಣಕ್ಕ. ಅಂಥೋರು ಯಾರೂ ಇಲ್ವೇ ಇಲ್ಲ."

"ಇಲ್ದ ಏನವ್ವ? ದಿನಾ ಕೆಮ್ತಾನಲ್ಲ?"

"ಯಾರೂ ಕೆಮ್ಮಲ್ಲ. ನೀನೇ ಸೇರಿಸ್ಕೊಂಡು ಹೇಳ್ತಾ ಇದೀಯ."

"ನಾ ಯಾಕ ಸುಳ್ಳ ಹೇಳ್ಲಿ? ನನ್ನ ಕಿವಿಯಾರ ಕೇಳೇನಿ."

"ಕಣ್ಣಾರೆ ನೋಡಿದೀಯಾ ಹೇಳು ಮತ್ತೆ."

ಶಾಂತವ್ವ ತಲೆ ಬಗ್ಗಿಸಿ ರೊಟ್ಟಿ ಮುರಿದಳು. ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಆದರೂ ನಕ್ಕರು. ಶಾಂತವ್ವ ಅರ್ಧ ತಿಂದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ ಎದ್ದು ಹೋದಳು.

ಅದರ ಮಾರನೆಯ ದಿನ ಅವಳು ಕಟ್ಟೆಗೆ ಬರಲಿಲ್ಲ. ಒಳಗೆ ತನ್ನ ಮೇಜಿನ ಮುಂದೆಯೇ ಒಬ್ಬಳೇ ಕೂತು ಉಂಡಳು. ಅದರ ಮಾರನೆಯ ದಿನವೂ ಹಾಗೆಯೇ. ಕಟ್ಟೆಯ ಮೇಲೆ ಸ್ಟೀಲ್ ಡಬ್ಬಿಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ರೂಪಾ ಒಂದು ದಿನ ತಾನೇ ಕತೆ ಹೇಳಲು ನೋಡಿದಳು: "ನಿನ್ನೆ ಏನಿಲ್ಲ, ಬರೀ ಅತ್ರು." ಅಲ್ಲಿಗೆ ಮುಗಿಯಿತು. ಕತೆ ನಿಜವಾಗಿತ್ತು, ಯಾರಿಗೂ ಬೇಕಿರಲಿಲ್ಲ. ಶಾಂತವ್ವನ ಮೇಜಿನಿಂದ ಬರುವ ಸ್ವಿಚ್ಚುಗಳಲ್ಲಿ ತಪ್ಪು ಕಾಣತೊಡಗಿತು. ಅವಳು ಸ್ಪ್ರಿಂಗ್ ತಪ್ಪಿ ಕೂರಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮೂರು ದಿನ ನಾನು ಹೇಡಿಯಂತೆ ಕಿಟಕಿಯ ಒಳಗೆ ಕೂತೆ. ನನಗೇನು, ನಾನು ಕೇಳಿಯೇ ಇಲ್ಲವಲ್ಲ, ಪೇಪರ್ ಓದುತ್ತಿದ್ದೆನಲ್ಲ. ನಾಲ್ಕನೆಯ ದಿನ ಊಟದ ಗಂಟೆ ಹೊಡೆದಾಗ ಕಾಲು ತಾನಾಗಿಯೇ ಬಾಗಿಲ ಕಡೆ ಹೊರಟಿತು. ಹೋಗುತ್ತ ಜೋಡಣೆ ವಿಭಾಗದಲ್ಲಿ ನಿಂತು, "ಶಾಂತವ್ವ, ಸ್ವಲ್ಪ ಹೊರಗಡೆ ಬಾ" ಎಂದೆ. ಏನೋ ಕೆಲಸದ ತಪ್ಪಿಗೆ ಕರೆದರು ಎಂದುಕೊಂಡು ಅವಳು ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ಕಟ್ಟೆಯ ಮುಂದೆ ನಿಂತಾಗ ಎಲ್ಲರೂ ಡಬ್ಬಿ ಕೆಳಗಿಟ್ಟು ಎದ್ದು ನಿಂತರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ನೋಡಿ, ಆ ದೊಡ್ಡಮಾವ ಇದ್ದಾರೆ. ನಾನು ನೋಡಿದ್ದೀನಿ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ರೂಪಾಳ ಕಣ್ಣು ಅರಳಿತು. "ಸಾರ್, ನೀವು ಸೀರಿಯಲ್ ನೋಡ್ತೀರಾ?"

"ನೋಡ್ತೀನಿ."

"ದಿನಾನಾ?"

"ಲಾರಿ ಕಳಿಸೋ ಕೆಲಸ ಬರೋವರೆಗೂ ದಿನಾ ನೋಡ್ತಿದ್ದೆ. ಈಗ ಶಾಂತವ್ವ ಹೇಳೋದನ್ನ ಆ ಕಿಟಕೀಲಿ ಕೂತು ಕೇಳ್ತೀನಿ."

ಹೇಳಿಬಿಟ್ಟೆ. ಒಂದು ಸುಳ್ಳು ಹೇಳಲು ಹೋಗಿ ಅದರ ಬೆನ್ನಿಗೆ ಇಷ್ಟು ವರ್ಷದ ನಿಜವೂ ಹೊರಗೆ ಬಂದಿತ್ತು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಈ ಸಲದ ನಗು ಪೂರ್ತಿ ನನ್ನ ಪಾಲಿನದು. ರೂಪಾ ಮಾತ್ರ ಬಿಡಲಿಲ್ಲ. "ಮತ್ತೆ ನಮ್ಮ ಟಿವೀಲಿ ಯಾಕೆ ಕಾಣಲ್ಲ ಸಾರ್?"

"ಜಾಹೀರಾತು ಬಂದಾಗ ಅಡುಗೆಮನೆಗೆ ಎದ್ದು ಹೋಗ್ತೀಯೋ ಇಲ್ವೋ?"

"ಹೋಗ್ತೀನಿ. ಅನ್ನಕ್ಕಿಟ್ಟಿರ್ತೀನಲ್ಲ."

"ವಾಪಸ್ ಬರೋದು ಸ್ವಲ್ಪ ತಡ ಆಗುತ್ತಲ್ಲ, ಅಷ್ಟರಲ್ಲಿ ಬಂದು ಹೋಗಿರ್ತಾರೆ."

ಅವಳು ಅರ್ಧ ನಂಬಿದಳು. ಉಳಿದರ್ಧವನ್ನು ಮೇಲ್ವಿಚಾರಕನೆಂಬ ಮರ್ಯಾದೆಗೆ ಬಿಟ್ಟುಕೊಟ್ಟಳು. ಅಷ್ಟು ಸಾಕಿತ್ತು. ಶಾಂತವ್ವ ಕಟ್ಟೆಯ ಮೇಲೆ ಕೂತಳು. ಯಾರೋ ಅವಳ ಕೈಗೆ ಒಂದು ತುಂಡು ಹೋಳಿಗೆ ಇಟ್ಟರು.

ನನ್ನ ಲೆಕ್ಕದಲ್ಲಿ ಕತೆ ಅಲ್ಲಿಗೆ ಮುಗಿಯಬೇಕಿತ್ತು. ಮಾರನೆಯ ದಿನ ಬೆಳಿಗ್ಗೆ ಸ್ಪ್ರಿಂಗಿನ ಪೆಟ್ಟಿಗೆ ತೆಗೆದುಕೊಳ್ಳುವ ನೆಪದಲ್ಲಿ ಶಾಂತವ್ವ ಉಗ್ರಾಣಕ್ಕೆ ಬಂದಳು. ಪೆಟ್ಟಿಗೆ ಕೈಗೆ ಸಿಕ್ಕಿದರೂ ಹೋಗಲಿಲ್ಲ. ಸುಳ್ಳು ಹೇಳಿ ಕಾಪಾಡಿದ್ದಕ್ಕೆ ಏನೋ ಹೇಳಬೇಕೆಂದಿದ್ದಾಳೆ ಎಂದು ನಾನು ದೊಡ್ಡ ಮನಸ್ಸಿನ ಮುಖ ಮಾಡಿಕೊಂಡು ಕಾದೆ.

"ಸರ್, ದೊಡ್ಡಮಾವ ನೋಡಾಕ ಹೆಂಗದಾನ್ರಿ?"

ನಾನು ಲೆಕ್ಕದ ಪುಸ್ತಕ ತೆರೆದೆ.

"ನೀವು ನೋಡೀರಲ್ರಿ ಸರ್. ಎತ್ತರದಾನೋ, ಗಿಡ್ಡದಾನೋ? ನಾ ಒಂದ್ ಸಲಾನೂ ನೋಡಿಲ್ರಿ."

ಆಮೇಲೆ ಹೇಳಿದಳು. ಅವಳ ಮನೆಯಲ್ಲಿ ಟಿವಿ ಇಲ್ಲ. ವಠಾರದ ಮನೆಗಳ ನಡುವಿನ ಗೋಡೆ ಒಂದೇ ಇಟ್ಟಿಗೆಯದು. ಪಕ್ಕದ ಮನೆಯವರು ಟಿವಿ ಜೋರಾಗಿ ಇಡುತ್ತಾರೆ. ಏಳು ಗಂಟೆಗೆ ಇವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗೋಡೆಗೆ ಒರಗಿ ಕೂರುತ್ತಾಳೆ. ದನಿಯಿಂದ ಮನುಷ್ಯರನ್ನು, ಸಂಗೀತದಿಂದ ಸಂದರ್ಭವನ್ನು ಗುರುತಿಸುತ್ತಾಳೆ. ಸೀರೆ, ಮುಖ, ಮನೆ ಎಲ್ಲ ಅವಳದೇ. "ಹೋಗಿ ಕೂಡ್ಬಹುದ್ರಿ, ಬ್ಯಾಡ ಅನ್ನಂಗಿಲ್ಲ ಅವ್ರು. ಆದ್ರ ಹೊಸದಾಗಿ ಬಂದವ್ರು ನಾವು, ದಿನಾ ಹೋಗಿ ಕುಂದ್ರೂದು ಚಂದ ಕಾಣಂಗಿಲ್ಲಲ್ರಿ" ಎಂದಳು. ಕೆಮ್ಮು ಮಾತ್ರ ಅವಳು ಕಟ್ಟಿದ್ದಲ್ಲ. ಕೆಮ್ಮನ್ನು ಅವಳು ನಿಜವಾಗಿಯೂ ಕೇಳಿದ್ದಳು; ಅಂಥ ಕೆಮ್ಮು ಮನೆಯ ಹಿರಿಯನದೇ ಇರಬೇಕೆಂದು ದೊಡ್ಡಮಾವ ಎಂದುಕೊಂಡಿದ್ದಳು.

ಅವಳು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನೊಬ್ಬನೇ. ಅವಳು ಕಾಯುತ್ತಿದ್ದಳು. "ಎತ್ತರಕ್ಕಿದ್ದಾರೆ" ಎಂದೆ. "ಬಿಳಿ ಪಂಚೆ. ಕನ್ನಡಕ. ಮೂಗು ಸ್ವಲ್ಪ ಉದ್ದ." ಅವಳು ಕಣ್ಣು ಮುಚ್ಚಿ ಕೇಳಿ, "ನಾನೂ ಹಂಗ ಅನ್ಕೊಂಡಿದ್ನಿರಿ" ಎಂದು ಪೆಟ್ಟಿಗೆ ಎತ್ತಿಕೊಂಡು ಹೋದಳು.

ಆ ವರ್ಷದ ಯುಗಾದಿಗೆ ಅವಳು ನಮ್ಮಿಬ್ಬರನ್ನೂ ಊಟಕ್ಕೆ ಕರೆದಳು. ಗಿರಿಜಾ ಬರುವುದಿಲ್ಲ ಎಂದುಕೊಂಡಿದ್ದೆ; "ನಿಮಗೆ ದಿನಾ ಕತೆ ಹೇಳೋರನ್ನ ನಾನೂ ನೋಡ್ಬೇಕು" ಎಂದು ಹೊರಟಳು. ಸಂಜೆ ಆರರ ಹೊತ್ತಿಗೆ ದಾಸರಹಳ್ಳಿಯ ಆ ಗಲ್ಲಿಗೆ ಹೋದೆವು. ಉದ್ದಕ್ಕೆ ಐದು ಮನೆಗಳು, ಒಂದೊಂದಕ್ಕೆ ಒಂದೇ ಕೋಣೆ. ಶಾಂತವ್ವನ ಗಂಡ ಬಸಪ್ಪ ನಮಗಾಗಿ ಎರಡು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದ. ಊಟ ಮುಗಿದಾಗ ಏಳಕ್ಕೆ ಸ್ವಲ್ಪ ಬಾಕಿ. ಶಾಂತವ್ವ ಗೋಡೆಯ ಕಡೆ ನೋಡಿದಳು. ಬಸಪ್ಪ ನಮ್ಮ ಕುರ್ಚಿಗಳನ್ನು ಗೋಡೆಯ ಕಡೆಗೆ ತಿರುಗಿಸಿದ.

ನಾಲ್ಕು ಜನ ಆ ಗೋಡೆಯ ಮೇಲೆ ತೂಗುತ್ತಿದ್ದ ಒಂದು ಕ್ಯಾಲೆಂಡರನ್ನು ನೋಡುತ್ತ ಕೂತೆವು. ಶೀರ್ಷಿಕೆ ಗೀತೆ ಬಂತು. ನಾನು ಮೆಲ್ಲಗೆ ಗುನುಗಿದೆ. ಶಾಂತವ್ವ ಬೆರಳು ತುಟಿಗಿಟ್ಟಳು. ವೀಣೆ ಕೇಳಿಸಿತು. "ಬಂದ್ಳು" ಎಂದು ಪಿಸುಗುಟ್ಟಿದಳು. ಭ್ರಮರಾಂಬ ಕೂಗಾಡಿದಳು. ಮೃದುಲಾ ಬಿಕ್ಕಿದಳು. ಆಗ ಕೆಮ್ಮು ಬಂತು. ದಪ್ಪನೆಯ, ಎದೆಯಾಳದಿಂದ ಎದ್ದ ಕೆಮ್ಮು. ಶಾಂತವ್ವ ನನ್ನ ಕಡೆ ತಿರುಗಿದಳು. ಕೇಳಿದಿರಾ ಎನ್ನುವಂತೆ ಅವಳ ಮುಖ ಅರಳಿತ್ತು. ಗಿರಿಜಾ ಕೂಡ ನನ್ನ ಕಡೆ ತಿರುಗಿದ್ದಳು, ಆದರೆ ಅವಳ ನೋಟ ಬೇರೆ. ಟಿವಿಯ ಸದ್ದು ಕ್ಯಾಲೆಂಡರಿನ ಹಿಂದಿನಿಂದ ಬರುತ್ತಿತ್ತು. ಕೆಮ್ಮು ಬಂದದ್ದು ಅಲ್ಲಿಂದಲ್ಲ, ಬಾಗಿಲ ಪಕ್ಕದಿಂದ. ಮೊದಲ ಸಲ ಕೇಳಿದವರಿಗೆ ಅದು ತಿಳಿಯುತ್ತಿತ್ತು. ಆರು ತಿಂಗಳಿಂದ ಕತೆಯೊಳಗೇ ಕೂತು ಕೇಳಿದವಳಿಗೆ ತಿಳಿಯುವಂತಿರಲಿಲ್ಲ.

ಕೈ ತೊಳೆಯುವ ನೆಪ ಹೇಳಿ ಹೊರಗೆ ಬಂದೆ. ಪಕ್ಕದ ಮನೆಯ ಹೊಸ್ತಿಲ ಹತ್ತಿರ ಒಬ್ಬ ಮುದುಕರು ಗೋಡೆಗೆ ಒರಗಿ ಕೂತಿದ್ದರು. ಗಿಡ್ಡ ಆಳು, ದುಂಡು ಮುಖ, ಚೌಕುಳಿ ಲುಂಗಿ, ಕನ್ನಡಕವಿಲ್ಲ. ನಾನು ವರ್ಣಿಸಿದ ಒಂದು ಲಕ್ಷಣವೂ ಇರಲಿಲ್ಲ. ಒಳಗೆ ಅವರ ಸೊಸೆ ಟಿವಿಯ ಮುಂದೆ ಕೂತಿದ್ದಳು.

"ಕೆಮ್ಮು ಜೋರಾಗಿದೆಯಲ್ಲ ಯಜಮಾನ್ರೇ?" ಎಂದೆ.

ಅವರು ಒಳಗೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಕೆಮ್ಮಲ್ಲ ಸಾಮಿ ಅದು. ಆ ಎಣ್ಣುಮಗೀನ ದಿನಾ ಅಳಿಸ್ತಾರೆ ನೋಡಿ, ನಂಗೆ ತಡೆಯಾಕಾಗಾಕಿಲ್ಲ. ಸೊಸೆ ಮುಂದ್ಗಡೆ ನಾನು ಕಣ್ಣೀರಾಕಿದ್ರೆ ಅದೇನು ಚೆಂದ? ಅದ್ಕೇ ಇಂಗೆ ಕೆಮ್ಬುಡ್ತೀನಿ."

ಒಳಗಿನಿಂದ ಗುಡುಗು ಮೂರು ಸಲ ಕೇಳಿಸಿತು. ಮುದುಕರು ಲುಂಗಿಯ ತುದಿಯಿಂದ ಮೂಗು ಒರೆಸಿಕೊಂಡರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಇದನ್ನೆಲ್ಲ ಗಿರಿಜಾಳಿಗೆ ಹೇಳಿದೆ. ಶಾಂತವ್ವನಿಗೆ ಹೇಳಲೋ ಬೇಡವೋ ಎಂದು ಕೇಳಿದೆ. ಅವಳು ಗೊರಗುಂಟೆಪಾಳ್ಯ ದಾಟುವವರೆಗೆ ಯೋಚಿಸಿ, "ನೀವು ಇದ್ದಾರೆ ಅಂದಿದ್ದು ತಪ್ಪಲ್ಲ. ಎಲ್ಲಿದ್ದಾರೆ ಅನ್ನೋದು ತಪ್ಪಾಗಿತ್ತು, ಅಷ್ಟನ್ನ ತಿದ್ದಿ. ಅವಳು ಅನ್ಯಾಯ ಕಂಡು ಕೆಮ್ತಾರೆ ಅಂದಿದ್ಲು, ಅದೂ ಸರಿಯಾಗೇ ಇದೆ. ಪೂರ್ತಿ ಮಾರ್ಕ್ಸ್ ಕೊಡ್ಬೇಕು ಅವಳಿಗೆ" ಎಂದಳು.

ಮಾರನೆಯ ದಿನ ಹೇಳಿದೆ. ನಾನು ನೋಡಿದ್ದೇನೆ ಎಂದದ್ದು ಸುಳ್ಳು ಎಂಬುದನ್ನೂ, ಮುದುಕರು ಹೇಳಿದ್ದನ್ನೂ ಹೇಳಿದೆ. ಶಾಂತವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತಾಳೇನೋ ಎಂದು ಹೆದರಿದೆ. ಆಮೇಲೆ ಅವಳ ಭುಜ ಅಲುಗಿತು, ನೋಡಿದರೆ ನಗುತ್ತಿದ್ದಳು. "ಅಯ್ಯ ಸಿವನ, ಕೆಂಪಯ್ಯಜ್ಜ ಏನ್ರೀ ಅಂವ! ದಿನಾ ನಳದಾಗ ನನಗ ಮೊದಲ ನೀರ ತುಂಬ್ಕೊ ಅಂತಾನ್ರಿ ಅಜ್ಜ." ನಗು ನಿಂತ ಮೇಲೆ ಹೇಳಿದಳು, "ಒಬ್ಬಾಂವ ಬಾಗಲದಾಗ ಕುಂತ್ ಅಳ್ತಾನಂದ್ರ ನಾ ಗ್ವಾಡಿಗೆ ಯಾಕ ಆನ್ಕೊಂಡ್ ಕುಂದ್ರಲ್ರಿ?"

ಆ ಸಂಜೆ ಅವಳು ಶೇಂಗಾ ಚಟ್ನಿ ತೆಗೆದುಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋದಳು. ಅಂದಿನಿಂದ ಕೆಂಪಯ್ಯನವರ ಜೊತೆ ಹೊಸ್ತಿಲಲ್ಲೇ ಕೂತು ನೋಡತೊಡಗಿದಳು. ಕಣ್ಣಲ್ಲಿ ನೋಡಿದ ಮೇಲೆ ಅವಳ ಕೆಲವು ಅಭಿಪ್ರಾಯಗಳು ಬದಲಾದವು. "ಭ್ರಮರಾಂಬ ಭಾಳ ಚಂದ ಅದಾಳ್ರೆವ್ವಾ, ಬೈಯಾಕ ಮನಸ ಬರವಲ್ದು" ಎಂದು ಕಟ್ಟೆಯ ಮೇಲೆ ಒಪ್ಪಿಕೊಂಡಳು. ದೊಡ್ಡಮಾವ ಯಾರೆಂಬುದನ್ನೂ ತಾನೇ ಹೇಳಿದಳು. ಯಾರೂ ನಗಲಿಲ್ಲ. ಆಮೇಲೆ ಕಂತಿನ ಕತೆಗಿಂತ ಮೊದಲು ರೂಪಾ ಕೇಳುತ್ತಿದ್ದ ಪ್ರಶ್ನೆ, "ನಿನ್ನೆ ತಾತ ಏನಂದ್ರು ಅಕ್ಕ?" ಎಂಬುದು. ಅವರೀಗ ಶಾಂತವ್ವನ ಪಕ್ಕದಲ್ಲಿ ಕೂತು ಬಾಯಿಬಿಟ್ಟೇ ಭ್ರಮರಾಂಬಳನ್ನು ಬೈಯುತ್ತಿದ್ದರಂತೆ.

ಎಂಟು ತಿಂಗಳ ಮೇಲೆ ಧಾರಾವಾಹಿ ಮುಗಿಯಿತು. ಕೊನೆಯ ಕಂತಿಗೆ ರಜೆ ಹಾಕಿ ಮನೆಯಲ್ಲಿ ಕೂತು ನೋಡಿದೆ. ಭ್ರಮರಾಂಬ ಐದು ನಿಮಿಷದಲ್ಲಿ ಒಳ್ಳೆಯವಳಾಗಿ, ಮೃದುಲಾಳ ಕಾಲು ಹಿಡಿಯಲು ಬಗ್ಗಿ, ಅವಳು ತಡೆದು, ಎಲ್ಲರೂ ತಬ್ಬಿಕೊಂಡು, ಶಹನಾಯಿ ಮೊಳಗಿತು. ಗಿರಿಜಾ ಕೂಡ ಕೂತು ನೋಡಿ, "ಹಂತಗಳನ್ನೆಲ್ಲ ಬಿಟ್ಟು ಉತ್ತರ ಬರೆದಿದ್ದಾರೆ" ಎಂದಳು.

ಮಾರನೆಯ ದಿನ ನಾನು ಕಿಟಕಿಯಲ್ಲಿ ಕೂರಲಿಲ್ಲ. ಡಬ್ಬಿ ಹಿಡಿದು ಕಟ್ಟೆಗೇ ಹೋದೆ. ಜಾಗ ಬಿಟ್ಟರು. ಎಲ್ಲರೂ ಆ ಕೊನೆಯ ಕಂತನ್ನು ನೋಡಿದ್ದರು. ಆದರೂ ಶಾಂತವ್ವ ಹೇಳಲಿ ಎಂದು ಕಾದರು.

"ಕಾಲು ಹಿಡ್ಯಾಕ ಹೋದ್ಲಂತ ತೋರಿಸಿದ್ರವ್ವಾ. ಹಂಗೇನ್ ಆಗಿಲ್ಲ ಅದು" ಎಂದಳು ಶಾಂತವ್ವ. "ಅಷ್ಟ ವರ್ಸದ ಮನಸು ಒಂದ ಸಂಜಿಗೆ ತಿರಗತೈತೇನು? ಏನಾಗಿರ್ತದ ಅಂದ್ರ, ಮಂದಿ ಎಲ್ಲಾ ಮನಿಗೆ ಹೋದ ಮ್ಯಾಲ ಭ್ರಮರಾಂಬ ಅಡಗಿಮನಿಗೆ ಹೋಗಿ ತನ್ನ ಕೈಯಾರ ಚಾ ಮಾಡ್ಯಾಳ. ಎರಡ್ ಕಪ್ ಮಾಡ್ಯಾಳ. ಮೃದುಲಾನ ಮುಂದ ಒಂದ್ ಕಪ್ ಇಟ್ಟು, ಮಾರಿ ನೋಡ್ದ ಹೊರಗ ಹೋಗ್ಯಾಳ. ಅಷ್ಟ."

ಆ ಕೊನೆಯ ಕಂತನ್ನು ಹೊಸ ಟಿವಿಯಲ್ಲಿ ಕಣ್ಣಾರೆ ನೋಡಿದ್ದ ರೂಪಾ ಮುಂದಕ್ಕೆ ಬಾಗಿ ಕೇಳಿದಳು.

"ಸಕ್ಕರೆ ಹಾಕಿದ್ಲಾ ಅಕ್ಕ?"

ಶಾಂತವ್ವ ಸ್ವಲ್ಪ ಯೋಚಿಸಿದಳು.

"ಹಾಕಿದ್ಳು" ಎಂದಳು. "ಒಂದ್ ಚೂರ ಕಡಿಮಿ."